ತೋಟದ ಕೆಲಸಕ್ಕೆ ಬ್ಯಾಟರಿ ಉಪಕರಣ: ಹಳೆಯ ರೂಢಿ, ಹೊಸ ಎಚ್ಚರಿಕೆ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿದ್ಯಾಸಂಸ್ಥೆಯ ವೇದಿಕೆಯಲ್ಲಿ ನಿಂತು ಬ್ಯಾಟರಿಯ ಬಗ್ಗೆ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿ ಕುಳಿತಿರುವವರ ಮನೆಗಳನ್ನೊಮ್ಮೆ ನೆನೆಸಿಕೊಳ್ಳಿ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನಲ್ಲಿ ನಮ್ಮವರ ಎಷ್ಟೋ ಮನೆಗಳು ಮರಗೆಲಸದಿಂದ, ವೈರಿಂಗ್‌ನಿಂದ, ಅಲ್ಯೂಮಿನಿಯಂ ಕಿಟಕಿ ಜೋಡಿಸುವುದರಿಂದ, ತೋಟಗಳ ಸ್ಪ್ರೇಯರ್, ಕಳೆ ಯಂತ್ರ ರಿಪೇರಿಯಿಂದ ನಡೆಯುತ್ತಿವೆ. ವೈರ್ ಎಳೆದುಕೊಂಡು ಹೋಗಿ ಡ್ರಿಲ್ ಮಾಡುತ್ತಿದ್ದ ಕಾಲ ಮುಗಿಯುತ್ತಾ ಬಂದಿದೆ. ಡ್ರಿಲ್, ಗ್ರೈಂಡರ್, ಗಿಡ ಕಸಿ ಮಾಡುವ ಕತ್ತರಿ, ಮರಗಸಿಗೆ ಬಳಸುವ ಸಣ್ಣ ಗರಗಸ, ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್ ಎಲ್ಲವೂ ಬ್ಯಾಟರಿಗೆ ಬಂದಿವೆ. ಕರೆಂಟ್ ಇಲ್ಲದ ತೋಟದ ನಡುವೆ ನಿಂತು ಕೆಲಸ ಮಾಡುವವನಿಗೆ ಇದು ದೊಡ್ಡ ಅನುಕೂಲ. ನಾನು ಇವುಗಳ ವಿರುದ್ಧ ಮಾತನಾಡಲು ಬಂದವನಲ್ಲ, ಇವುಗಳಿಂದಲೇ ಅನ್ನ ತಿನ್ನುವವನು.

ನಾನು ಹೇಳಬೇಕೆಂದಿರುವ ವಿಷಯ ಒಂದೇ. ಉಪಕರಣ ಹೊಸದಾಗಿದೆ, ಆದರೆ ಬ್ಯಾಟರಿಯನ್ನು ನೋಡಿಕೊಳ್ಳುವ ನಮ್ಮ ರೂಢಿ ಹಳೆಯದಾಗಿಯೇ ಉಳಿದಿದೆ. "ಪೂರ್ತಿ ಇಳಿಸಿ ಆಮೇಲೆ ಚಾರ್ಜಿಗೆ ಹಾಕು," "ರಾತ್ರಿಯಿಡೀ ಚಾರ್ಜಿಗೆ ಇರಲಿ," "ಸತ್ತ ಬ್ಯಾಟರಿಗೆ ನೇರ ಕರೆಂಟ್ ಕೊಟ್ಟು ಎಬ್ಬಿಸು" ಎಂಬ ಮಾತುಗಳನ್ನು ಅಪ್ಪನಿಂದಲೋ ಉಸ್ತಾದನಿಂದಲೋ ಕಲಿತಿದ್ದೇವೆ. ಅವರು ತಪ್ಪು ಹೇಳಲಿಲ್ಲ. ಅವರ ಕೈಯಲ್ಲಿದ್ದ ಬ್ಯಾಟರಿಯೇ ಬೇರೆ.

ಮರುಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ. ಸೀಸದ ತಗಡು ಮತ್ತು ಗಂಧಕಾಮ್ಲ, ಅಷ್ಟೆ. ಇಂದಿಗೂ ಜೀಪಿನಲ್ಲಿ, ಮನೆಯ ಇನ್ವರ್ಟರ್‌ನಲ್ಲಿ, ಕಡಿಮೆ ಬೆಲೆಯ ಸ್ಪ್ರೇಯರ್‌ನಲ್ಲಿ ಇರುವುದು ಅದೇ ಜಾತಿ. ನಲವತ್ತು ವರ್ಷಗಳ ನಂತರ, 1899ರಲ್ಲಿ, ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಸೇರಿಸಿ ಇನ್ನೊಂದು ಜಾತಿ ಮಾಡಿದ. 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ತಂದ ವೈರಿಲ್ಲದ ಡ್ರಿಲ್ ನಡೆದದ್ದು ಈ ನಿಕ್ಕಲ್ ಬ್ಯಾಟರಿಯಿಂದ. ಮೂರನೆಯದು ಲಿಥಿಯಂ ಅಯಾನ್. ಜಪಾನಿನ ಸೋನಿ ಕಂಪನಿ ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. ಸುಮಾರು 2005ರಿಂದ ದೊಡ್ಡ ಉಪಕರಣಗಳಿಗೂ ಬಂತು. ಇದರ ಹಿಂದಿನ ವಿಜ್ಞಾನಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿದೆ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಂ ಅದಿರು ಇರುವುದನ್ನು ಅಣು ಖನಿಜ ನಿರ್ದೇಶನಾಲಯ ಗುರುತಿಸಿದ್ದು ನಿಮಗೆ ಗೊತ್ತಿರಬಹುದು. ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಿ, ಪರೀಕ್ಷೆಗೂ ಆದೀತು.

ಈ ಮೂರರ ಸ್ವಭಾವ ಮೂರು ಬಗೆ. ಇದನ್ನು ತಿಳಿದರೆ ಅರ್ಧ ವಿಷಯ ತಿಳಿದಂತೆ.

ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಪದೇ ಪದೇ ಅರ್ಧ ಬಳಸಿ ಚಾರ್ಜ್ ಮಾಡಿದರೆ ಅದು ಆ ಅರ್ಧಕ್ಕೇ ಒಗ್ಗಿಕೊಳ್ಳುತ್ತದೆ ಎಂಬ ದೂರು ಇತ್ತು. ಹಾಗಾಗಿ ಆಗಾಗ ಪೂರ್ತಿ ಇಳಿಸಬೇಕೆಂದು ಹಳೆಯ ಮೆಕ್ಯಾನಿಕ್‌ಗಳು ಹೇಳುತ್ತಿದ್ದರು. ಸೀಸದ ಬ್ಯಾಟರಿ ಇದಕ್ಕೆ ತದ್ವಿರುದ್ಧ. ಅದನ್ನು ಇಳಿಸಿ ಇಟ್ಟರೆ ತಗಡಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಕ್ರಮೇಣ ಕಲ್ಲಾಗುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಅದು ಸದಾ ತುಂಬಿರಬೇಕು. ಲಿಥಿಯಂಗೆ ಪೂರ್ತಿ ತುಂಬಿಸಿ ಇಡುವುದೂ ಒಳ್ಳೆಯದಲ್ಲ, ಪೂರ್ತಿ ಇಳಿಸಿ ಇಡುವುದಂತೂ ಅಪಾಯ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಇರಬೇಕು.

ನಮ್ಮ ಮಲೆನಾಡಿನಲ್ಲಿ ಈ ವ್ಯತ್ಯಾಸ ಬೇರೆ ಊರಿಗಿಂತ ಹೆಚ್ಚು ಮುಖ್ಯ, ಏಕೆಂದರೆ ನಮ್ಮ ಉಪಕರಣಗಳು ವರ್ಷದಲ್ಲಿ ಕೆಲವು ತಿಂಗಳು ಸುಮ್ಮನೆ ಮಲಗುತ್ತವೆ. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆದು ಸ್ಪ್ರೇಯರನ್ನು ತೊಳೆದು ಗೋದಾಮಿಗೆ ಹಾಕಿದರೆ ಮತ್ತೆ ಅದು ನೆನಪಾಗುವುದು ಮಳೆ ಬಿಟ್ಟ ಮೇಲೆ. ಕಸಿ ಕತ್ತರಿಯ ಕೆಲಸ ಕೊಯ್ಲು ಮುಗಿದ ಮೇಲೆ ಕೆಲವು ವಾರ, ಅಷ್ಟೆ. ಸೆಪ್ಟೆಂಬರ್‌ನಲ್ಲಿ "ಬ್ಯಾಟರಿ ಸತ್ತಿದೆ" ಎಂದು ತರುವವರಲ್ಲಿ ಹೆಚ್ಚಿನವರು ಜೂನ್‌ನಲ್ಲಿ ಕೊನೆಯ ಟ್ಯಾಂಕ್ ಹೊಡೆದು, ಹಾಗೆಯೇ ಇಳಿದ ಬ್ಯಾಟರಿಯನ್ನು ಮೂಲೆಗಿಟ್ಟವರು. ಸೀಸದ್ದಾದರೆ ಇಡುವ ಮೊದಲು ತುಂಬಿಸಿ, ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ಲಿಥಿಯಂ ಆದರೆ ಅರ್ಧ ಇಟ್ಟು, ಉಪಕರಣದಿಂದ ಬಿಚ್ಚಿ, ಒಣ ಜಾಗದಲ್ಲಿಡಿ, ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಯಾವ ಜಾತಿ ಎಂಬುದು ಲೇಬಲ್ ಮೇಲೆ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕೊಳ್ಳಲೇಬೇಡಿ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎಂಟನೇ ತರಗತಿಯವರೂ ಮಾಡಬಹುದಾದ ಲೆಕ್ಕ.

ಉಪಕರಣಗಳಲ್ಲಿ ಸಾಮಾನ್ಯವಾಗಿರುವ ಒಂದು ಲಿಥಿಯಂ ಸೆಲ್ಲಿನ ವೋಲ್ಟೇಜ್ 3.6. ಪೂರ್ತಿ ತುಂಬಿದಾಗ 4.2. ಇಂತಹ ಐದು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್, ತುಂಬಿದಾಗ 21. ಒಬ್ಬ 18 ಎಂದು ಬರೆಯುತ್ತಾನೆ, ಇನ್ನೊಬ್ಬ 20 ಎನ್ನುತ್ತಾನೆ, ಮತ್ತೊಬ್ಬ 21 ಎನ್ನುತ್ತಾನೆ, ಒಳಗಿರುವುದು ಅದೇ ಐದರ ಸಾಲು. ಇಲ್ಲಿಯವರೆಗೆ ಸುಳ್ಳೇನಿಲ್ಲ. ಆದರೆ ಅದೇ ಐದರ ಸಾಲಿನ ಮೇಲೆ 48, 88, 98 ಎಂದು ದಪ್ಪ ಅಕ್ಷರದಲ್ಲಿ ಅಂಟಿಸಿದ ಅಗ್ಗದ ಬ್ಯಾಟರಿಗಳೂ ಬರುತ್ತಿವೆ. ಮೀಟರ್ ಇಟ್ಟರೆ 20ರ ಆಸುಪಾಸು ತೋರಿಸುತ್ತದೆ. ಹಾಗೆಯೇ ಹೆಬ್ಬೆರಳಿನಷ್ಟು ದಪ್ಪದ, 18 ಮಿಲಿಮೀಟರ್ ಅಗಲ ಮತ್ತು 65 ಮಿಲಿಮೀಟರ್ ಉದ್ದದ ಸೆಲ್ಲಿನ ಮೇಲೆ 9900 ಎಂದು ಬರೆದಿದ್ದರೆ ನಗಬೇಕಷ್ಟೆ. ಒಳ್ಳೆಯ ಕಂಪನಿಯ ಸೆಲ್ಲೂ ಆ ಅಳತೆಯಲ್ಲಿ 3500 ಮಿಲಿಆಂಪ್‌ಅವರ್ ಆಸುಪಾಸಿನದು. ಲೇಬಲ್‌ನಲ್ಲೇ ಸುಳ್ಳು ಹೇಳಿದವನು ಒಳಗಿನ ರಕ್ಷಣಾ ಸರ್ಕ್ಯೂಟ್ ಸರಿಯಾಗಿ ಹಾಕಿದ್ದಾನೆಂದು ನಾನು ನಂಬುವುದಿಲ್ಲ. ಕೊಳ್ಳುವಾಗ ಐಎಸ್ 16046 ಎಂಬ ಭಾರತೀಯ ಮಾನಕದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ಸ್ಪ್ರೇಯರ್‌ಗಳಲ್ಲಿ 12 ವೋಲ್ಟಿನ ಸೀಸದ ಬ್ಯಾಟರಿಯೂ ಬರುತ್ತದೆ, ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿಯೂ ಬರುತ್ತದೆ. ಚಾರ್ಜರ್‌ನ ದುಂಡು ಪಿನ್ ಎಷ್ಟೋ ಬಾರಿ ಒಂದೇ ಅಳತೆಯದು, ಅದರಲ್ಲಿ ಇದು ಸಲೀಸಾಗಿ ಕೂರುತ್ತದೆ. ಸೀಸದ ಚಾರ್ಜರ್ ಕೊನೆಯಲ್ಲಿ ಸುಮಾರು 14.4 ವೋಲ್ಟ್ ಕೊಡುತ್ತದೆ. ಮೂರು ಲಿಥಿಯಂ ಸೆಲ್‌ಗಳಿಗೆ ಹಂಚಿ: ಒಂದೊಂದಕ್ಕೆ 4.8. ತಡೆಯುವ ಮಿತಿ 4.2. ಆ ಹೆಚ್ಚಿನ ಒತ್ತಡವನ್ನು ತಡೆಯಬೇಕಾದದ್ದು ಒಳಗಿರುವ ಚಿಕ್ಕ ಸರ್ಕ್ಯೂಟ್ ಮಾತ್ರ. ಅದು ಕೆಟ್ಟಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ? ಒಂದೇ ಗೋದಾಮಿನಲ್ಲಿ ಎರಡೂ ಬಗೆಯ ಸ್ಪ್ರೇಯರ್ ಇರುವ ತೋಟಗಳಲ್ಲಿ ಇವತ್ತೇ ಹೋಗಿ ಚಾರ್ಜರ್‌ಗೂ ಅದರ ಸ್ಪ್ರೇಯರ್‌ಗೂ ಒಂದೇ ಬಣ್ಣದ ಟೇಪ್ ಸುತ್ತಿಡಿ. ಐದು ನಿಮಿಷದ ಕೆಲಸ.

ಲಿಥಿಯಂ ಬ್ಯಾಟರಿ ಏಕೆ ಹೊತ್ತಿಕೊಳ್ಳುತ್ತದೆ? ಒಳಗೆ ಎರಡು ತೆಳುವಾದ ಹಾಳೆಗಳ ನಡುವೆ ಪ್ಲಾಸ್ಟಿಕ್‌ನ ಇನ್ನೂ ತೆಳುವಾದ ಪರದೆಯಿದೆ, ಸುತ್ತಲೂ ಉರಿಯುವ ಗುಣದ ದ್ರವವಿದೆ. ಪೆಟ್ಟು ಬಿದ್ದು, ಹೆಚ್ಚು ಚಾರ್ಜ್ ಆಗಿ, ನೀರು ನುಗ್ಗಿ ಅಥವಾ ಹೊರಗಿನ ಬಿಸಿಯಿಂದ ಆ ಪರದೆ ಹಾಳಾದರೆ ಎರಡೂ ಹಾಳೆಗಳು ಕೂಡಿ ಒಳಗೇ ಶಾರ್ಟ್ ಆಗುತ್ತದೆ. ಅದರ ಬಿಸಿ ರಾಸಾಯನಿಕ ಕ್ರಿಯೆಯನ್ನು ಹೆಚ್ಚಿಸುತ್ತದೆ, ಆ ಕ್ರಿಯೆ ಮತ್ತೆ ಬಿಸಿಯನ್ನು ಹೆಚ್ಚಿಸುತ್ತದೆ. ಒಂದು ಸೆಲ್ಲಿನಿಂದ ಪಕ್ಕದ ಸೆಲ್ಲಿಗೆ ಹರಡುತ್ತದೆ. ಒಮ್ಮೆ ಆರಂಭವಾದರೆ ಪ್ಲಗ್ ಕಿತ್ತರೂ ನಿಲ್ಲುವುದಿಲ್ಲ.

ಪೂರ್ತಿ ಇಳಿದ ಬ್ಯಾಟರಿ ಅಪಾಯ ಎಂದು ಮೊದಲು ಹೇಳಿದೆನಲ್ಲ, ಅದರ ಕಾರಣ ಇಲ್ಲಿದೆ. ಸೆಲ್ಲಿನ ವೋಲ್ಟೇಜ್ ತೀರಾ ಕೆಳಗಿಳಿದು ಬಹುಕಾಲ ಹಾಗೇ ಇದ್ದರೆ ಒಳಗಿನ ತಾಮ್ರದ ಹಾಳೆ ದ್ರವದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಇರಬಾರದ ಜಾಗದಲ್ಲಿ ಮುಳ್ಳಿನಂತೆ ಬೆಳೆದು ಪರದೆಯನ್ನು ಚುಚ್ಚಬಹುದು. ಕಂಪನಿಯ ಚಾರ್ಜರ್ ಇಂತಹ ಬ್ಯಾಟರಿಯನ್ನು ನಿರಾಕರಿಸಿ ಕೆಂಪು ದೀಪ ತೋರಿಸುತ್ತದೆ. ನಮ್ಮ ಬುದ್ಧಿವಂತರು ಆಗ ಏನು ಮಾಡುತ್ತಾರೆ? ಎರಡು ವೈರ್ ಹಿಡಿದು ಬೇರೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು "ಎಬ್ಬಿಸುತ್ತಾರೆ." ಅದು ಏಳುತ್ತದೆ, ಕೆಲಸವನ್ನೂ ಮಾಡುತ್ತದೆ, ಗಿರಾಕಿಯೂ ಸಂತೋಷಪಡುತ್ತಾನೆ. ಎರಡು ವಾರದ ನಂತರ ಯಾರ ಮನೆಯಲ್ಲಿ, ಎಷ್ಟು ಹೊತ್ತಿಗೆ ಅದು ಏನಾಗುತ್ತದೆಂದು ಎಬ್ಬಿಸಿದವನಿಗೆ ಗೊತ್ತಿರುವುದಿಲ್ಲ. ರಿಪೇರಿ ಅಂಗಡಿಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರೆ, ನಿಮ್ಮ ಉಸ್ತಾದ್ ಹೇಳಿದರೂ ಇದೊಂದು ಕೆಲಸಕ್ಕೆ "ಆಗುವುದಿಲ್ಲ" ಎನ್ನಿ. ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದ ಸೆಲ್‌ಗಳನ್ನು ಹೊಸದರ ಜೊತೆ ಬೆರೆಸಿ, ಬೆಸುಗೆ ಕೋಲಿನಿಂದ ಸುಟ್ಟು ಜೋಡಿಸಿ ಕೊಡುವುದೂ ಇದೇ ಸಾಲಿಗೆ ಸೇರಿದ್ದು. ಒಂದೇ ಜಾತಿಯ, ಒಂದೇ ವಯಸ್ಸಿನ ಸೆಲ್, ಸ್ಪಾಟ್ ವೆಲ್ಡಿಂಗ್, ಸರಿಯಾದ ರಕ್ಷಣಾ ಸರ್ಕ್ಯೂಟ್ ಇವಿಷ್ಟಿದ್ದರೆ ಅದು ವಿದ್ಯೆ. ಅದನ್ನು ಕಲಿಯಿರಿ. ಮುಂದಿನ ದಿನಗಳಲ್ಲಿ ಆ ಕೆಲಸಕ್ಕೆ ಜನ ಬೇಕೇ ಬೇಕು.

ಹೊರಗಿನ ಬಿಸಿ ಎಂದಾಗ ನಮ್ಮಲ್ಲಿ ನೆನಪಾಗಬೇಕಾದದ್ದು ಬಿಸಿಲಲ್ಲ, ಬಚ್ಚಲ ಒಲೆ. ಜುಲೈಯಲ್ಲಿ ಕೊಟ್ಟಿಗೆಹಾರ, ಕಳಸದ ಕಡೆ ಬಟ್ಟೆ ಒಣಗುವುದು ಹಂಡೆ ಒಲೆಯ ಮೇಲಿನ ಹಗ್ಗದಲ್ಲಿ. ಅದೇ ರೂಢಿಯಲ್ಲಿ ನೆನೆದ ಬ್ಯಾಟರಿಯನ್ನೂ ಒಲೆಯ ಕಟ್ಟೆಯ ಮೇಲೆ ಒಣಗಲು ಇಡುವವರಿದ್ದಾರೆ. ದಯವಿಟ್ಟು ಬೇಡ. ಹೊರಮೈ ಒದ್ದೆಯಾಗಿದ್ದರೆ ಒರೆಸಿ, ಉಪಕರಣದಿಂದ ಬಿಚ್ಚಿ, ಗಾಳಿಯಾಡುವ ಕಡೆ ಒಣಗಲು ಬಿಡಿ. ನೀರಿನಲ್ಲಿ ಮುಳುಗಿದ್ದರೆ ಅದನ್ನು ಮತ್ತೆ ಬಳಸುವ ಆಸೆ ಬಿಟ್ಟು ಮನೆಯ ಹೊರಗೆ, ಉರಿಯುವ ವಸ್ತುಗಳಿಂದ ದೂರ ಇಡಿ. ಬಿಸಿಲೂ ಅಪಾಯವಿಲ್ಲವೆಂದಲ್ಲ. ಮಾರ್ಚ್‌ನಲ್ಲಿ ಗಾಜು ಏರಿಸಿದ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಬ್ಯಾಟರಿ ಮುಟ್ಟಲಾಗದಷ್ಟು ಕಾದಿರುತ್ತದೆ. ಸಾಮಾನ್ಯವಾಗಿ 40ರಿಂದ 45 ಡಿಗ್ರಿ ಮೀರಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಗರಗಸದಿಂದ ಬಿಚ್ಚಿದ ಬಿಸಿ ಬ್ಯಾಟರಿಯನ್ನೂ ಅಷ್ಟೆ, ಒಂದು ಚಹಾ ಕುಡಿಯುವಷ್ಟು ಹೊತ್ತು ಆರಲು ಬಿಟ್ಟು ಆಮೇಲೆ ಚಾರ್ಜರ್‌ಗೆ ಹಾಕಿ.

ಬೋರ್ಡೋ ಹೊಡೆಯುವವರಿಗೆ ಇನ್ನೊಂದು ಮಾತು. ದ್ರಾವಣ ಹದವಾಗಿದೆಯೇ ಎಂದು ನೋಡಲು ನಮ್ಮ ಹಿರಿಯರು ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ಕೆಂಪು ತಾಮ್ರ ಹತ್ತುತ್ತದೆ. ಅಂದರೆ ಮೈಲುತುತ್ತ ಕಬ್ಬಿಣವನ್ನು ತಿಂದು ತನ್ನ ತಾಮ್ರವನ್ನು ಅಲ್ಲಿ ಬಿಟ್ಟಿದೆ. ಬ್ಯಾಟರಿಯ ಕಾಂಟ್ಯಾಕ್ಟ್ ಪಟ್ಟಿಗಳ ಮೇಲೆ ಆ ನೀರು ಬಿದ್ದರೂ ಅಂಥದೇ ಕೆಲಸ ನಡೆಯುತ್ತದೆ. ಪಟ್ಟಿ ಸವೆಯುತ್ತದೆ, ಕಿಲುಬು ಹಿಡಿಯುತ್ತದೆ, ಕಿಲುಬಿದ್ದಲ್ಲಿ ಬಿಸಿಯಾಗುತ್ತದೆ. ಟ್ಯಾಂಕ್ ತೊಳೆಯುವಾಗ ಬ್ಯಾಟರಿಯ ಗೂಡಿಗೆ ನೀರು ಹೊಡೆಯದೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಕರೆಂಟ್ ವಿಷಯದಲ್ಲಿ ನಮ್ಮ ಕಡೆಯ ಕಷ್ಟ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಹೋಗುತ್ತದೆ, ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಬಂದಾಗ ಹಾಕದಿದ್ದರೆ ಬೆಳಗ್ಗೆ ಕೆಲಸವಿಲ್ಲ ಎಂದು ಹಾಕಿ ಮಲಗುತ್ತೇವೆ. ಇದನ್ನು ಸೋಮಾರಿತನ ಎನ್ನಲಾರೆ. ಆದರೆ ಎಲ್ಲರೂ ನಿದ್ದೆಯಲ್ಲಿರುವಾಗ ಹೊತ್ತುವ ಬೆಂಕಿಯೇ ಜೀವ ತೆಗೆಯುವುದು. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯಿದ್ದ ಕಟ್ಟಡದಲ್ಲಿ ಬೆಂಕಿ ಹೊತ್ತಿ, ಮೇಲಿನ ಮಹಡಿಗಳ ಲಾಡ್ಜ್‌ನಲ್ಲಿದ್ದ ಎಂಟು ಮಂದಿ ಸತ್ತರು. ಸ್ಕೂಟರಿನ ಬ್ಯಾಟರಿ ದೊಡ್ಡದು, ನಮ್ಮದು ಚಿಕ್ಕದು, ನಿಜ. ಆದರೆ ಲೈನ್ ಮನೆಯ ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗಿ, ತಲೆಯ ಹತ್ತಿರದ ಮರದ ಹಲಗೆಯ ಮೇಲೆ ಚಾರ್ಜರ್ ಇದ್ದರೆ ಅವರಿಗೆ ಆ ಚಿಕ್ಕದೇ ಸಾಕು. ಎಚ್ಚರವಿರುವಾಗ, ಕಣ್ಣಿಗೆ ಕಾಣುವಂತೆ ಚಾರ್ಜ್ ಮಾಡಿ. ಇನ್ನೊಂದು ಬ್ಯಾಟರಿ ಕೊಂಡಿಟ್ಟರೆ ರಾತ್ರಿ ಹಾಕುವ ಅವಸರವೇ ಇರುವುದಿಲ್ಲ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಿ.

ತೋಟದ ಯಜಮಾನರೂ ಈ ಸಭೆಯಲ್ಲಿದ್ದೀರಿ. ನಿಮ್ಮ ಕೆಲಸಕ್ಕೆ ಬೇಕಾದ ಬ್ಯಾಟರಿಯನ್ನು ಕೆಲಸಗಾರನ ಮನೆಗೆ ಕಳಿಸಿ ಚಾರ್ಜ್ ಮಾಡಿಸಬೇಡಿ. ಅಪಾಯ ನಿಮ್ಮದಾಗಿರಬೇಕು, ಅವನ ಮಕ್ಕಳದ್ದಲ್ಲ. ಗೋದಾಮಿನಲ್ಲಿ ಮಾಡಿಸುವುದಾದರೆ ಗೋಣಿಚೀಲದ ರಾಶಿ, ಕಳೆ ಯಂತ್ರದ ಪೆಟ್ರೋಲ್ ಕ್ಯಾನು, ಒಣ ಕಾಫಿ ಇರುವ ಕಡೆ ಬೇಡ. ಬೇರೆ ಗೋಡೆಗೆ ಒಂದು ಸಿಮೆಂಟ್ ಕಟ್ಟೆ ಮಾಡಿಸಿ, ಅದರ ಹತ್ತಿರವೇ ಆಫ್ ಮಾಡುವ ಸ್ವಿಚ್ ಇಡಿಸಿ. ಒಂದು ಮೂಟೆ ಗೊಬ್ಬರದಷ್ಟು ಖರ್ಚೂ ಬಾರದು.

ಬ್ಯಾಟರಿ ಉಬ್ಬಿದ್ದರೆ, ಬಳಸದೆಯೂ ಬಿಸಿಯಾಗಿದ್ದರೆ, ಸಿಹಿಯಾದ ಥಿನ್ನರ್‌ನಂಥ ವಾಸನೆ ಬಂದರೆ, ಸುಯ್ ಎಂಬ ಸದ್ದು ಬಂದರೆ ಅದು ಮುನ್ಸೂಚನೆ. ಹೊಗೆ ಆರಂಭವಾಗಿದ್ದರೆ ಮುಟ್ಟಲು ಹೋಗಬೇಡಿ. ಮೊದಲು ಜನರನ್ನು ಹೊರಗೆ ಕಳಿಸಿ, ಮೇನ್ ಸ್ವಿಚ್ ಆಫ್ ಮಾಡಿ, 112ಕ್ಕೆ ಕರೆ ಮಾಡಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲ್ಲದೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವೂ ಇರುತ್ತದೆ, ಬಟ್ಟೆ ಕಟ್ಟಿಕೊಂಡು ಒಳನುಗ್ಗಿದರೆ ಅದು ತಡೆಯುವುದಿಲ್ಲ. ಲಿಥಿಯಂ ಬೆಂಕಿಗೆ ನೀರು ಹಾಕಬಾರದು ಎಂಬ ಮಾತು ಪ್ರಚಾರದಲ್ಲಿದೆ. ಶುದ್ಧ ಲಿಥಿಯಂ ಲೋಹಕ್ಕೆ ಆ ಮಾತು ಸರಿ. ನಮ್ಮ ಉಪಕರಣದ ಬ್ಯಾಟರಿಗೆ ಬೇಕಾದದ್ದು ತಂಪು, ಅದನ್ನು ಕೊಡುವುದು ಧಾರಾಳವಾದ ನೀರೇ. ಕರೆಂಟ್ ಆಫ್ ಆದ ಮೇಲೆ, ದೂರದಿಂದ, ಓಡಿಹೋಗಲು ದಾರಿ ಇಟ್ಟುಕೊಂಡು ಹಾಕಬೇಕು. ಪುಡಿಯ ಸಿಲಿಂಡರ್ ಜ್ವಾಲೆಯನ್ನು ನಂದಿಸಬಹುದು, ಆದರೆ ಒಳಗಿನ ಬಿಸಿ ಉಳಿದಿರುತ್ತದೆ, ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಹಾಗಾಗಿ ನಂದಿದ್ದನ್ನು ಒಳಗೆ ತರಬೇಡಿ. ನಮ್ಮ ಘಟ್ಟದ ದಾರಿಯಲ್ಲಿ ಅಗ್ನಿಶಾಮಕ ವಾಹನ ಬರಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಮನೆಗಿಂತ ಮನೆಯವರನ್ನು ನೋಡಿಕೊಳ್ಳಿ.

ಗಲ್ಫ್‌ನಲ್ಲಿರುವ ಮಾವನೋ ಭಾವನೋ ಊರಿಗೆ ಬರುವಾಗ ಡ್ರಿಲ್ ಸೆಟ್ ತರುವುದು ನಮ್ಮಲ್ಲಿ ಸಾಮಾನ್ಯ. ಅವರಿಗೆ ಫೋನ್ ಮಾಡುವಾಗ ಇದನ್ನು ಹೇಳಿ. ಡ್ರಿಲ್ ಲಗೇಜಿನಲ್ಲಿ ಹೋಗಬೇಕು, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿ, ಕಾಂಟ್ಯಾಕ್ಟ್‌ಗಳಿಗೆ ಟೇಪ್ ಹಚ್ಚಿ. ಮಿತಿಯ ಲೆಕ್ಕ ಸುಲಭ: ವೋಲ್ಟನ್ನು ಆಂಪ್‌ಅವರ್‌ನಿಂದ ಗುಣಿಸಿ. 18 ವೋಲ್ಟ್, 5 ಆಂಪ್‌ಅವರ್ ಎಂದರೆ 90 ವ್ಯಾಟ್‌ಅವರ್. 100ರ ಒಳಗಿದೆ, ಸಾಮಾನ್ಯವಾಗಿ ತೊಂದರೆಯಿಲ್ಲ. 6 ಆಂಪ್‌ಅವರ್‌ನದು 108 ಆಗುತ್ತದೆ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡು ಮಾತ್ರ. 9 ಆಂಪ್‌ಅವರ್‌ನದು 162, ಪ್ರಯಾಣಿಕರು ತರುವಂತಿಲ್ಲ. ಟಿಕೆಟ್ ಮಾಡುವಾಗಲೇ ಕಂಪನಿಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಕಟ್ಟುನಿಟ್ಟಿಗೆ ಕಾರಣವಿದೆ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯುಪಿಎಸ್ ಕಂಪನಿಯ ಸರಕು ವಿಮಾನದಲ್ಲಿ ಬೆಂಕಿ ಎದ್ದು, ಅದು ಹಿಂದಿರುಗಲಾಗದೆ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಆ ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳು ದೊಡ್ಡ ಪ್ರಮಾಣದಲ್ಲಿದ್ದವು.

ಕೊನೆಗೆ ಹಳೆಯ ಬ್ಯಾಟರಿಯ ವಿಷಯ. ಸೀಸದ್ದಕ್ಕೆ ಗುಜರಿಯಲ್ಲಿ ಬೆಲೆಯಿದೆ, ಹಾಗಾಗಿ ಅದು ತಾನಾಗಿ ಹೋಗುತ್ತದೆ. ಸತ್ತ ಲಿಥಿಯಂ ಪ್ಯಾಕನ್ನು ಕೇಳುವವರು ಕಡಿಮೆ, ಆದ್ದರಿಂದ ಅದು ಗೊಬ್ಬರದ ಗುಂಡಿಗೋ ಹಳ್ಳಕ್ಕೋ ಬೀಳುತ್ತದೆ. ನಮ್ಮ ಹಳ್ಳಗಳು ಹೋಗುವುದು ಭದ್ರೆಗೆ, ಹೇಮಾವತಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಹಿಂಪಡೆಯುವ ವ್ಯವಸ್ಥೆ ಮಾಡಬೇಕಾದದ್ದು ತಯಾರಕರ ಹೊಣೆ, ಬೇರೆ ಕಸದೊಂದಿಗೆ ಬೆರೆಸದೆ ಕೊಡಬೇಕಾದದ್ದು ನಮ್ಮ ಹೊಣೆ. ಲೇಬಲ್ ಮೇಲಿರುವ ಗೀಟು ಹಾಕಿದ ಕಸದ ಬುಟ್ಟಿಯ ಚಿತ್ರದ ಅರ್ಥ ಅದೇ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ "ಹಳೆಯದನ್ನು ತೆಗೆದುಕೊಳ್ಳುತ್ತೀರಾ?" ಎಂದು ಕೇಳಿ, ಹತ್ತು ಜನ ಕೇಳಿದರೆ ಅಂಗಡಿಯವರೂ ಕಂಪನಿಯನ್ನು ಕೇಳುತ್ತಾರೆ. ಅಲ್ಲಿಯವರೆಗೆ ಕಾಂಟ್ಯಾಕ್ಟ್‌ಗಳಿಗೆ ಟೇಪ್ ಹಚ್ಚಿ, ತಗಡಿನ ಡಬ್ಬದಲ್ಲಿ ಒಣ ಮರಳು ತುಂಬಿ ಅದರಲ್ಲಿಟ್ಟು, ಮನೆಯಿಂದ ದೂರ ಇಡಿ.

ನಾನು ಒಂದು ಮೀಟರ್ ತಂದಿದ್ದೇನೆ. ಬ್ಯಾಟರಿ ತಂದಿರುವವರು ಊಟದ ನಂತರ ಜಗುಲಿಗೆ ಬನ್ನಿ, ಉಬ್ಬಿದ್ದನ್ನು ಮಾತ್ರ ಒಳಗೆ ತರಬೇಡಿ, ಅಂಗಳದಲ್ಲೇ ಇಡಿ, ನಾನೇ ಅಲ್ಲಿಗೆ ಬಂದು ನೋಡುತ್ತೇನೆ.